ಅತ್ತೆಗೆ ಕೇಳಿಸಿದ ಸ್ಪೀಕರು

ಅರವತ್ತರ ದಶಕದ ನಡುವಿನ ವರ್ಷಗಳು. ನಾನು ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ದಿನವಿಡೀ ಮಾತಾಡಿ ಗಂಟಲು ಒಣಗಿಸಿಕೊಂಡು ಮನೆಗೆ ಬಂದರೆ ಯಾರ ಮಾತೂ ಬೇಡ ಎನಿಸುತ್ತಿತ್ತು. ಬೇಕಾಗಿದ್ದದ್ದು ಸಂಜೆ ರೇಡಿಯೋದಲ್ಲಿ ಬರುತ್ತಿದ್ದ ಹಿಂದುಸ್ತಾನಿ ಗಾಯನ ಒಂದೇ. ಆದರೆ ನಮ್ಮದು ಸಣ್ಣ ರೇಡಿಯೋ. ಹಾಡುವವರು ಮಂದ್ರಕ್ಕೆ ಇಳಿದರೆ ದನಿಯೇ ಇರುತ್ತಿರಲಿಲ್ಲ.

ರೇಡಿಯೋದ ಹಿಂದೆ ಬೇರೆ ಸ್ಪೀಕರು ಜೋಡಿಸಬಹುದು ಎಂದು ನನ್ನ ಗಂಡ ಯಾರಿಂದಲೋ ತಿಳಿದುಕೊಂಡು ಬಂದರು. ಒಂದು ರವಿವಾರ ಇಬ್ಬರೂ ಬಸ್ಸು ಹಿಡಿದು ಹಳೇ ಹುಬ್ಬಳ್ಳಿಗೆ ಹೋದೆವು. ಓಣಿಯ ಒಂದು ಸಣ್ಣ ಅಂಗಡಿಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರಿದ್ದರು. ಅವರು ಎಂಥ ಸ್ಪೀಕರು ಬೇಕೆಂದು ವಿಚಾರಿಸಲಿಲ್ಲ, ಮನೆಯಲ್ಲಿ ಏನು ಕೇಳುತ್ತೀರಿ ಎಂದು ವಿಚಾರಿಸಿದರು. ನಾನು ಹೇಳಿದೆ. ಎಂಟು ಇಂಚಿನದೊಂದನ್ನು ಸಾಗವಾನಿ ಪೆಟ್ಟಿಗೆಯಲ್ಲಿ ಕೂಡಿಸಿ ಹಚ್ಚಿದರು. ತಂಬೂರಿಯ ದನಿ ಅಂಗಡಿ ತುಂಬಿತು. ನಾನು ಇನ್ನೊಂದನ್ನು ಕೇಳಿ ನೋಡಲೇ ಇಲ್ಲ.

ಮರುದಿನ ಬೆಳಿಗ್ಗೆ ಅತ್ತೆ ಎಂದಿನಂತೆ ವಚನ ಗಾಯನ ಕೇಳಲು ಕೂತರು. ಸ್ವಲ್ಪ ಹೊತ್ತಿಗೇ ಎದ್ದು ಹೋದರು. ಬರೀ ಗುಂಯ್ ಅನ್ನುತ್ತದೆ, ಮಾತೇ ತಿಳಿಯುವುದಿಲ್ಲ ಎಂದರು. ವಾರವಿಡೀ ಅದೇ ಮಾತು. ಮುಂದಿನ ರವಿವಾರ ಹುಬ್ಬಳ್ಳಿಗೆ ಹೋಗಿ ಪೆಟ್ಟಿಗೆಯೊಳಗಿನ ಸ್ಪೀಕರು ಬದಲಿಸಿ ತಂದೆವು. ಅದೂ ಅವರಿಗೆ ಸರಿಬರಲಿಲ್ಲ. ಸೊಸೆ ತನ್ನ ಪಗಾರದಲ್ಲಿ ಕೊಂಡದ್ದಕ್ಕೆ ಹೀಗೆ ಮಾಡುತ್ತಾರೆ ಎಂದು ನಾನು ಒಳಗೊಳಗೇ ಕುದಿದೆ. ಇದ್ದ ಒಂದು ರಜೆಯೂ ಬಸ್ಸಿನ ಧೂಳಿನಲ್ಲೇ ಕಳೆಯುತ್ತಿತ್ತು.

ಮೂರನೆಯ ಸಲ ಅತ್ತೆಯನ್ನೇ ಕರೆದುಕೊಂಡು ಹೋದೆವು. ಅಂಗಡಿಯ ಹಿರಿಯರು ಅವರನ್ನು ಸ್ಟೂಲಿನ ಮೇಲೆ ಕೂಡಿಸಿ, ಒಂದೊಂದೇ ಸ್ಪೀಕರು ಹಚ್ಚಿ ಕೇಳಿಸಿದರು. ನಡುವೆ ಅವರ ಬೆನ್ನ ಹಿಂದೆ ನಿಂತು, ಚಹಾ ತರಿಸಲೇ ಎಂದು ಮೆಲ್ಲಗೆ ಕೇಳಿದರು. ಅತ್ತೆ ತಿರುಗಿ ನೋಡಲಿಲ್ಲ. ಮತ್ತೊಮ್ಮೆ ಕೇಳಿದರು. ಆಗಲೂ ಇಲ್ಲ. ಆಮೇಲೆ ನನ್ನನ್ನು ಬಾಗಿಲ ಹತ್ತಿರ ಕರೆದರು.

"ಅಕ್ಕಾರ, ಸ್ಪೀಕರಿಗೆ ಏನೂ ಆಗಿಲ್ರಿ. ಅವರ ಕಿವಿ ಮಂದ ಆಗ್ಯಾವು. ದಪ್ಪ ದನಿ ಕೇಳತೈತಿ, ಅಕ್ಷರ ಬಿಡಿಸಿ ಕೇಳಂಗಿಲ್ಲ."

ಒಳಗೆ ಹೋಗಿ ಸಣ್ಣದೊಂದು ಸ್ಪೀಕರು ತಂದು ಹಚ್ಚಿದರು. ದನಿ ತಗಡು ಕೆರೆದಂತಿತ್ತು, ನಾನು ಮುಖ ಕಿವುಚಿದೆ. ಅತ್ತೆ ಮಾತ್ರ ಮುಂದಕ್ಕೆ ಬಾಗಿ, ಹಾಡಿನ ಜೊತೆಗೇ ತುಟಿ ಅಲ್ಲಾಡಿಸತೊಡಗಿದರು.

ಬಸ್ಸು ರಾಯಾಪುರ ದಾಟಿದ ಮೇಲೆ, ಗಂಡ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದಾಗ, ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು: "ಎರಡು ವರ್ಷ ಆತವ್ವ. ಹೇಳಿದ್ರ ಕೆಪ್ಪಿ ಅಂತ ಮೂಲ್ಯಾಗ ಕುಂದರಸ್ತೀರಿ ಅಂತ ಸುಮ್ಮನಿದ್ದೆ."

ನಾನು ಕೂಗಿ ಮಾತಾಡಿದಾಗಲೆಲ್ಲ ಅವರು ಸುಮ್ಮನೆ ತಲೆಯಾಡಿಸುತ್ತಿದ್ದದ್ದು, ಅದನ್ನು ನಾನು ಹಟವೆಂದು ತಿಳಿದದ್ದು ನೆನಪಾಯಿತು.

ಮೊದಮೊದಲು ಬೆಳಿಗ್ಗೆ ಅವರ ಸಣ್ಣ ಸ್ಪೀಕರು, ಸಂಜೆ ನನ್ನ ಸಾಗವಾನಿ ಪೆಟ್ಟಿಗೆ ಎಂದು ವೈರು ಬಿಚ್ಚಿ ಬದಲಿಸುತ್ತಿದ್ದೆ. ಆದರೆ ಸಂಜೆಯೂ ಅವರು ಬಂದು ಪಕ್ಕದಲ್ಲಿ ಕೂಡತೊಡಗಿದರು. ಹಾಡಿನ ಮಾತು ಕೇಳಿಸದೆ ಕೂತಿರುವವರ ಎದುರು ನಾನೊಬ್ಬಳೇ ಹೇಗೆ ಕೇಳಲಿ? ಒಂದು ದಿನ ವೈರು ಬದಲಿಸುವುದನ್ನು ಬಿಟ್ಟೆ. ಸಾಗವಾನಿ ಪೆಟ್ಟಿಗೆಯನ್ನು ಶಾಲೆಯ ಸಂಗೀತ ಕಲಿಸುವ ಗೆಳತಿಗೆ ಕೊಟ್ಟೆ. ಹೊತ್ತುಕೊಂಡು ಹೋಗಲು ಆಕೆಯ ತಮ್ಮ ಬಂದ ದಿನ ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಅತ್ತೆ ಇರುವವರೆಗೆ, ಏಳು ವರ್ಷ, ಆ ಕೀರಲು ದನಿಯಲ್ಲೇ ರಾಗಗಳನ್ನು ಕೇಳಿದೆ. ಅದು ರೂಢಿಯಾಯಿತು ಎಂದರೆ ಸುಳ್ಳಾದೀತು. ಬೇಸರವಾಗುತ್ತಿತ್ತು, ತಲೆನೋಯುತ್ತಿತ್ತು. ಎಷ್ಟೋ ಸಲ ನಡುವೆಯೇ ಎದ್ದು ಹೋಗಿ ಮಲಗಿದ್ದೇನೆ. ಅತ್ತೆ ಗಾಯನ ಮುಗಿಯುವವರೆಗೂ ಕೇಳಿ, ತಾವೇ ರೇಡಿಯೋ ಆರಿಸಿ ಬರುತ್ತಿದ್ದರು.