ಹಸಿರು ಬಾಗಿಲು ಯಾವ ಕಂತಿನಲ್ಲಿತ್ತು

ಕಲ್ಲೋಳಿಯ ನಮ್ಮ ಮನೆಗೆ ಮಧ್ಯಾಹ್ನ ಎರಡಕ್ಕೆ ಒಬ್ಬ ಹೆಂಗಸು ಬರುತ್ತಾಳೆ. ಅವಳು ಕಂಡ ಕೂಡಲೇ ಅವ್ವ ಟಿವಿಯ ದನಿ ತಗ್ಗಿಸುತ್ತಾಳೆ, ಅವಳ ಮಾತು ನಮ್ಮ ಗೋಡೆಗೆ ಹತ್ತಬಾರದು ಎನ್ನುವ ಹಾಗೆ. ಹಳೆಯ ಕೌಟುಂಬಿಕ ಧಾರಾವಾಹಿಯೊಂದರ ಮರುಪ್ರಸಾರ ಅದು. ನಾನು ಸಣ್ಣವಳಿದ್ದಾಗ ಸಂಜೆ ಏಳೂವರೆಗೆ ಬರುತ್ತಿತ್ತು, ಈಗ ಮಧ್ಯಾಹ್ನಕ್ಕೆ ಇಳಿದಿದೆ. ದೊಡ್ಡ ಮನೆ, ತುಂಬ ಜನ, ಆ ಮನೆಗೆ ಆಗಾಗ ಬ್ಯಾಗು ಹಿಡಿದು ಬಂದಿಳಿಯುವ ಮಗಳು. ಅಲ್ಲಿಯ ಮಕ್ಕಳಿಗೆ ಸೋದರತ್ತೆ. ಸೊಂಟದಲ್ಲಿ ಕೀಲಿಕೈಗಳ ಗೊಂಚಲು. ಕಥೆಯಲ್ಲಿ ಅವಳಿಗೊಂದು ಹೆಸರಿತ್ತು, ನಮ್ಮ ಓಣಿಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಕೀಲಿಕೈ ಅತ್ತಿ ಎಂದರೆ ಸಾಕಿತ್ತು.

ಅವಳನ್ನು ಎಷ್ಟೋ ಸಲ ಆ ಮನೆಯಿಂದ ಹೊರಗೆ ಹಾಕಿದರು. ಯಾತ್ರೆಗೆ ಕಳಿಸಿದರು. ಒಮ್ಮೆ ಹೊಳೆಯಲ್ಲಿ ಕೊಚ್ಚಿಹೋದಳೆಂದು ಫೋಟೋಕ್ಕೆ ಹಾರ ಕೂಡ ಹಾಕಿದರು. ಕೆಲವು ತಿಂಗಳಿಗೆ ಮತ್ತೆ ಹೊಸ್ತಿಲಲ್ಲಿ ಅದೇ ಬ್ಯಾಗು. ಯಾರಾದರೂ ಹಾಸಿಗೆ ಹಿಡಿದಾಗ ಮಾತ್ರ ಕಾಣಿಸಿಕೊಳ್ಳುವ ವಕೀಲನೊಬ್ಬನಿದ್ದ, ನಗುನಗುತ್ತ ಚಾಡಿ ಹೇಳುವ ಪಕ್ಕದ ಮನೆಯವಳಿದ್ದಳು. ಅವರನ್ನೂ ಬಯ್ಯುತ್ತಿದ್ದೆವು, ಆದರೆ ಮನಸ್ಸಿಟ್ಟು ಬಯ್ಯುತ್ತಿದ್ದುದು ಇವಳನ್ನೇ. ನನಗೆ ಆಗಲೇ ಒಂದು ಅನುಮಾನ. ಇವಳು ತಾನಾಗಿ ಬರುವುದಿಲ್ಲ, ಕರೆಸಿಕೊಳ್ಳುತ್ತಾರೆ. ಇವಳಿಲ್ಲದ ವಾರಗಳಲ್ಲಿ ಆ ಮನೆಯವರು ಉಂಡು, ಪೂಜೆ ಮಾಡಿ, ಒಬ್ಬರನ್ನೊಬ್ಬರು ಹೊಗಳಿಕೊಂಡು ಕೂತಿರುತ್ತಿದ್ದರು. ನೋಡುವವರಿಗೆ ಆಕಳಿಕೆ.

ನಮಗೂ ಒಬ್ಬಳು ಅತ್ತಿ ಇದ್ದಾಳೆ. ಅಪ್ಪನ ಅಕ್ಕ, ಹುಕ್ಕೇರಿಗೆ ಕೊಟ್ಟವಳು. ಬ್ಯಾಗು ಹಿಡಿದೇ ಬರುತ್ತಾಳೆ, ಬರುವಾಗ ಗೋಕಾಕದಲ್ಲಿ ಬಸ್ಸಿಳಿದು ಕರದಂಟು ತರುತ್ತಾಳೆ. ಅವ್ವ ಅದರ ಮೊದಲ ತುಂಡನ್ನು ಅಪ್ಪನ ಕೈಗೆ ಕೊಟ್ಟು, ಅವನು ತಿಂದು ನೀರು ಕುಡಿಯುವವರೆಗೆ ನಮಗೆ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಅತ್ತಿ ಮಾಡಿದ ತಪ್ಪೇನೆಂದು ಯಾರೂ ಹೇಳಿರಲಿಲ್ಲ. ಕೀಲಿಕೈ ಅತ್ತಿಯ ತಪ್ಪುಗಳೆಲ್ಲ ಗೊತ್ತಿದ್ದವಲ್ಲ, ಅವೇ ಸಾಕಾಗುತ್ತಿದ್ದವು.

ಹೋದ ವರ್ಷ ನನ್ನ ತಂಗಿಗೆ ಹುಕ್ಕೇರಿಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಶನಿವಾರದೊಳಗೆ ಹೋಗಿ ಸೇರಬೇಕು. ಹಾಸ್ಟೆಲ್ ತುಂಬಿತ್ತು. ಕಲ್ಲೋಳಿಯಿಂದ ದಿನಾ ಎರಡು ಬಸ್ಸು ಬದಲಿಸಿ ಬೆಳಗಿನ ತರಗತಿ ಹಿಡಿಯುವುದು ಆಗದ ಮಾತು. ಸೋಮವಾರ ಅತ್ತಿಯ ಫೋನು ಬಂತು. ಅಪ್ಪ ಸ್ಪೀಕರ್ ಹಾಕಿದ್ದ.

"ಹುಡುಗಿ ನನ್ನ ಕಡೆ ಇರಲಿ. ಹಿಂದಿನ ಕೋಣಿ ಖಾಲಿ ಐತಿ."

ಫೋನು ಇಟ್ಟ ಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಈಗ ಯಾಕ ಇಷ್ಟ ಪ್ರೀತಿ ಉಕ್ಕಿ ಬಂತು? ಮಗಗ ಇಪ್ಪತ್ತಾರು ತುಂಬೇತಿ, ಅದಕ್ಕ."

ನಮ್ಮ ಕಡೆ ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವುದು ಬಳಕೆಯಲ್ಲಿದೆ. ಅತ್ತಿಯ ಮಗ ಮೋಟಾರು ರಿಪೇರಿಯ ಅಂಗಡಿ ಇಟ್ಟವನು, ಮದುವೆಯಾಗಿರಲಿಲ್ಲ. ಅವ್ವನ ಅನುಮಾನ ಗಾಳಿಯಿಂದ ಬಂದದ್ದಲ್ಲ. ನನಗೂ ಅದೇ ಅನುಮಾನವಿತ್ತು.

"ಆಕಿ ನಮ್ಮ ಅಕ್ಕ," ಅಂದ ಅಪ್ಪ. "ಸೀಟ ಸಿಕ್ಕೈತಿ, ಇರಾಕ ಜಾಗಾ ಇಲ್ಲ. ಮತ್ತೇನ ಮಾಡೂನು?"

"ಸೀರಿಯಲ್‌ದಾಗೂ ಹಿಂಗ ಅಂದಿದ್ಲು. ಹುಡುಗಿ ನನ್ನ ಕಡೆ ಇರಲಿ ಅಂತ ಕರಕೊಂಡ ಹೋಗಿ, ಹಸರ ಬಾಗಲದ ಕೋಣ್ಯಾಗ ಹಾಕಿ ಕೀಲಿ ಹಾಕಿದ್ಲು. ಮಗನ ಕೂಡ ಲಗ್ನಾ ಆಗು ಮಟಾ ತಗೀಲಿಲ್ಲ."

"ಅದು ಸೀರಿಯಲ್ ಐತಿ."

"ಬರದಾವ್ರು ಎಲ್ಲೋ ನೋಡೇ ಬರದಿರ್ತಾರ್ರಿ."

ನಾನು ನಗಬೇಕಿತ್ತು. ನಗಲಿಲ್ಲ, ಯಾಕೆಂದರೆ ಆ ಹಸಿರು ಬಾಗಿಲು ನನಗೂ ನೆನಪಿತ್ತು. ಗಿಳಿಹಸಿರು ಬಣ್ಣ, ಹಿತ್ತಾಳೆಯ ಚಿಲಕ, ಒಳಗಿಂದ ಅಳುವ ದನಿ. ಅಷ್ಟು ಸ್ಪಷ್ಟ.

ಗೋಕಾಕದ ಕಾಲೇಜಿನಲ್ಲಿ ನಾನು ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ವೇದಿಕೆ ಹತ್ತುವ ಐದು ನಿಮಿಷ ಮೊದಲು ಚೀಟಿ ಎತ್ತಬೇಕು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ನಮ್ಮನ್ನು ತಯಾರು ಮಾಡಿದ ಮೇಷ್ಟ್ರು ಯಾವ ಮಾತು ಕೇಳಿದರೂ ಒಂದೇ ಪ್ರಶ್ನೆ ಹಾಕುತ್ತಿದ್ದರು. ನೋಡಿದವರು ಯಾರು? ಆ ಚಟ ನನ್ನನ್ನು ಬಿಟ್ಟಿಲ್ಲ. ಸಂಜೆ ತಂಗಿಯೂ ನಾನೂ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಆ ಕಂತು ಹುಡುಕಿದೆವು. ಹಳೆಯ ಕಂತುಗಳೆಲ್ಲ ಈಗ ಅಲ್ಲಿ ಸಿಗುತ್ತವೆ.

ಸಿಕ್ಕಿತು. ಕೀಲಿಕೈ ಅತ್ತಿ ತವರಿನ ಹುಡುಗಿಯನ್ನು ಕರೆದುಕೊಂಡು ಹೋಗುತ್ತಾಳೆ. ಜಟಕಾ ತಿರುವಿನಲ್ಲಿ ಮರೆಯಾಗುತ್ತದೆ, ಸಂಗೀತ ಗುಡುಗುತ್ತದೆ, ಜಾಹೀರಾತು. ಅಲ್ಲಿಯವರೆಗೆ ನಮ್ಮ ನೆನಪು ಸರಿ. ಜಾಹೀರಾತಿನ ಆಚೆ ಅವಳು ಹುಡುಗಿಗೆ ಊಟ ಬಡಿಸುತ್ತಾಳೆ, ಕಾಲೇಜಿಗೆ ಹೆಸರು ಹಚ್ಚಿಸುತ್ತಾಳೆ, ನಡುವೆ ಆ ಮನೆಯ ಒಳ್ಳೆಯ ಸೊಸೆಯ ಬಗ್ಗೆ ಎರಡು ಕೆಟ್ಟ ಮಾತಾಡುತ್ತಾಳೆ. ಅಷ್ಟೆ. ಮುಂದಿನ ಹತ್ತು ಕಂತು ನೋಡಿದೆವು. ಲಗ್ನವೂ ಇಲ್ಲ, ಕೀಲಿಯೂ ಇಲ್ಲ. ಅವಳ ಮನೆಯ ಕೋಣೆಗೆ ಬಾಗಿಲೇ ಇರಲಿಲ್ಲ, ಹೂವಿನ ಪರದೆ ಇತ್ತು.

"ಅಕ್ಕಾ, ಬಾಗಲಾ ಎಲ್ಲೆ ಹೋತು?" ಅಂದಳು ತಂಗಿ.

ಆಗ ನನಗೆ ಕರೆಂಟು ನೆನಪಾಯಿತು. ಆ ದಿನಗಳಲ್ಲಿ ಕಲ್ಲೋಳಿಯಲ್ಲಿ ಸಂಜೆ ಏಳೂಮುಕ್ಕಾಲಿಗೆ ಕರೆಂಟು ಹೋಗುತ್ತಿತ್ತು, ಧಾರಾವಾಹಿ ಜಾಹೀರಾತಿಗೆ ನಿಂತ ಹೊತ್ತಿಗೆ ಸರಿಯಾಗಿ. ನಮ್ಮ ಓಣಿಯವರು ಪ್ರತಿ ಕಂತನ್ನೂ ಅರ್ಧ ನೋಡಿದವರು. ಉಳಿದರ್ಧವನ್ನು ಪಕ್ಕದ ಮನೆಯ ಅಜ್ಜಿ ಕಂದೀಲು ಹಚ್ಚಿಕೊಂಡು ಹೇಳುತ್ತಿದ್ದಳು. "ಮುಂದಿಂದು ನಾ ಹೇಳ್ತೇನಿ ಕೇಳ್ರಿ. ಇನ್ನ ಆಕಿ ಏನ ಮಾಡ್ತಾಳ ನನಗ ಗೊತ್ತೈತಿ." ಮರುದಿನ ಕಥೆ ಬೇರೆ ದಾರಿ ಹಿಡಿದಿದ್ದರೆ ನಡುವೆ ಏನೋ ಆಗಿರಬೇಕು ಎಂದುಕೊಳ್ಳುತ್ತಿದ್ದೆವು. ಅಜ್ಜಿ ಈಗಿಲ್ಲ, ಅವಳನ್ನು ಕೇಳುವ ಹಾಗಿಲ್ಲ. ಆದರೆ ಅವಳು ಹೇಳಿದ್ದನ್ನು ನಾವೆಲ್ಲ ಕಣ್ಣಾರೆ ಕಂಡವರಂತೆ ಇಪ್ಪತ್ತು ವರ್ಷ ಇಟ್ಟುಕೊಂಡಿದ್ದೆವು. ಅನುಮಾನಿಸುವುದೇ ನನ್ನ ಕೆಲಸ ಎಂದು ಮೆರೆದ ನಾನೂ.

ಕೀಲಿಕೈ ಅತ್ತಿ ದೇವತೆಯಾದಳು ಎಂದು ಹೇಳುತ್ತಿಲ್ಲ. ಆ ಮನೆಯ ಒಳ್ಳೆಯ ಸೊಸೆಗೆ ಬಂದ ಪತ್ರವನ್ನು ಅವಳು ಒಮ್ಮೆ ಬಚ್ಚಿಟ್ಟಿದ್ದು ನಿಜ, ಅದನ್ನು ಮತ್ತೆ ನೋಡಿ ಖಾತ್ರಿ ಮಾಡಿಕೊಂಡೆ. ಆದರೆ ಈ ಒಂದು ಆರೋಪಕ್ಕೆ ಸಾಕ್ಷಿ ಇರಲಿಲ್ಲ. ಮರುದಿನ ಮೊಬೈಲು ಒಯ್ದು ಅವ್ವನಿಗೆ ತೋರಿಸಿದೆ.

"ಮೊಬೈಲ್‌ದಾಗ ಕತ್ತರಿಸಿ ಹಾಕಿರ್ತಾರ," ಅಂದಳು.

"ಅವ್ವಾ, ಅಜ್ಜಿ ಹೇಳಿದ್ದು ಅದು. ನಾವು ನೋಡಿದ್ದಲ್ಲ."

"ನಿಂದೇನವಾ, ಚೀಟಿ ಬಂದ ಕಡೆ ಮಾತಾಡಾಕಿ. ನಿನ್ನಿ ನನ್ನ ಕಡೆ ಇದ್ದಿ."

ಅವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಎದ್ದು ಹೊಲಕ್ಕೆ ಹೋದ. ನಮ್ಮ ಮನೆಯಲ್ಲಿ ಚರ್ಚೆ ಮುಗಿಯುವುದು ಹೀಗೆ.

ಗುರುವಾರ ನಾನೇ ತಂಗಿಯನ್ನು ಕರೆದುಕೊಂಡು ಹುಕ್ಕೇರಿಗೆ ಹೊರಟೆ. ಅವ್ವನಿಗೆ ಕಾಲೇಜು ನೋಡಿ ಬರುತ್ತೇವೆ ಎಂದಿದ್ದೆ. ಗೋಕಾಕದಲ್ಲಿ ಬಸ್ಸು ಬದಲಿಸಿ, ಧುಪದಾಳದ ಒಡ್ಡಿನ ಮೇಲೆ ನೀರು ಹಾಯುವುದನ್ನು ನೋಡುತ್ತ ಪ್ರಶ್ನೆಗಳನ್ನು ಜೋಡಿಸಿಕೊಂಡೆ. ಸುತ್ತಿ ಬಳಸಿ ಕೇಳಬೇಕು, ಅತ್ತಿಯ ಬಾಯಿಂದಲೇ ನಿಜ ಜಾರಿಸಬೇಕು.

ಅತ್ತಿಯ ಮನೆ ಮುಟ್ಟಿದಾಗ ಎರಡು ಗಂಟೆ. ಅಲ್ಲಿಯೂ ಅದೇ ಧಾರಾವಾಹಿ ನಡೆದಿತ್ತು. ಅಂಗಡಿಯಿಂದ ಊಟಕ್ಕೆ ಬಂದಿದ್ದ ಅವಳ ಮಗ ತಾಟಿನ ಮುಂದೆ ಕೂತಿದ್ದ. ಟಿವಿಯಲ್ಲಿ ಆ ಮನೆಯ ಒಳ್ಳೆಯ ಸೊಸೆ, ಕಲ್ಲೋಳಿಯ ಹೆಂಗಸರೆಲ್ಲ ಯಾರಿಗಾಗಿ ಕಣ್ಣೊರೆಸಿಕೊಳ್ಳುತ್ತಾರೋ ಅವಳು, ತುಳಸಿ ಕಟ್ಟೆಯ ಮುಂದೆ ನಿಂತು ಅಳುತ್ತಿದ್ದಳು. ಅತ್ತಿ ಟಿವಿಯ ದನಿ ತಗ್ಗಿಸಿದಳು.

ನಾನೂ ತಂಗಿಯೂ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತಿ ತಗ್ಗಿಸಿದ್ದು ಈ ಒಳ್ಳೆಯ ಸೊಸೆಗೆ.

"ಬಂತ ನೋಡ ಕಣ್ಣೀರಿನ ಕೊಡಾ," ಅಂದಳು ಅತ್ತಿ. "ಏನಾತು ಅಂತ ಕೇಳಿದ್ರ ಹೇಳೂದಿಲ್ಲ. ಹೇಳಲಾರದ ಎಲ್ಲಾರೂ ತಿಳ್ಕೋಬೇಕು."

"ಅವ್ವಗ ಆಕಿನ ಕಂಡ್ರ ಆಗೂದಿಲ್ಲ," ಅಂದ ಮಗ, ತುತ್ತು ನುಂಗುತ್ತ. "ನಮ್ಮ ಮನ್ಯಾಗ ಆಕಿಗೆ ಹೆಸರು ಇಟ್ಟೇವಿ. ಕಲ್ಲೋಳಿಯಾಕಿ."

ಅಂದ ಮೇಲೆ ಅವನಿಗೆ ಗೊತ್ತಾಯಿತು, ನಮ್ಮ ಅವ್ವನಿಗಿಟ್ಟ ಹೆಸರನ್ನು ನಮ್ಮ ಮುಂದೆಯೇ ಆಡಿದೆನೆಂದು. ಅತ್ತಿ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು, ಬಾಯಿ ಮುಚ್ಚಲು.

ಅವ್ವನನ್ನು ನಾನು ಹಾಗೆ ನೋಡಿರಲಿಲ್ಲ. ಇಷ್ಟು ವರ್ಷ ಅವಳು ಅತ್ತಿಯ ಮೇಲೆ ಒಂದೂ ಆರೋಪ ಹೊರಿಸಿರಲಿಲ್ಲ, ನಿಜ. ಕಣ್ಣೀರು ಹಾಕಿರಲಿಲ್ಲ ಎಂದು ಮಾತ್ರ ಹೇಳಲಾರೆ. ಸುತ್ತಿ ಬಳಸುವುದು ಬೇಡ ಅನಿಸಿತು.

"ಅತ್ತಿ, ಈಕಿನ ಇಟ್ಗೊಳ್ಳೂದು ನಿಮ್ಮ ಮಗನ ಸಲುವಾಗಿ ಏನ್ರಿ?"

ಅತ್ತಿ ನನ್ನನ್ನೇ ನೋಡಿದಳು.

"ಆಸೆ ಐತಿ," ಅಂದಳು. "ಇಲ್ಲಂತ ಯಾಕ ಹೇಳ್ಲಿ? ತಮ್ಮನ ಮಗಳು. ಕಲೀಲಿ. ಕಲತ ಮ್ಯಾಲ ಕೇಳ್ತೇನಿ. ಒಲ್ಲೆ ಅಂದ್ರ ಒಲ್ಲೆ."

"ಈಗ ಹೇಳ್ತೇನ್ರಿ ಅತ್ತಿ," ಅಂದಳು ನನ್ನ ತಂಗಿ. "ಒಲ್ಲೆ."

"ನನ್ನನ್ನೂ ಯಾರೂ ಕೇಳಿಲ್ಲ," ಅಂದ ಮಗ.

"ಆತು," ಅಂದಳು ಅತ್ತಿ. "ಚಾ ಕುಡೀತಿ ಏನ?"

ಆ 'ಆತು' ಬಹಳ ಬೇಗ ಬಂತು. ಅಷ್ಟು ವರ್ಷದ ಆಸೆಯನ್ನು ಯಾರಾದರೂ ಒಂದು ಕಪ್ ಚಹಾದಲ್ಲಿ ಕರಗಿಸುತ್ತಾರೆಯೇ? ನಾನು ಅದನ್ನು ಮನಸ್ಸಿನಲ್ಲಿ ಬೇರೆ ಇಟ್ಟೆ. ಆಮೇಲೆ ಅತ್ತಿ ಹಿಂದಿನ ಕೋಣೆ ತೋರಿಸಲು ಕರೆದೊಯ್ದಳು.

ಬಾಗಿಲು ಗಿಳಿಹಸಿರು. ಚಿಲಕ ಹಿತ್ತಾಳೆಯದು.

"ಈ ಬಾಗಲಾ ನಾ ನೋಡೇನಿ," ಅಂದೆ.

"ನೋಡದ ಏನು. ಐದು ವರ್ಷದಾಕಿ ಇದ್ದಿ, ಪಂಚಮಿಗೆ ಬಂದಿದ್ರಿ. ಒಳಗ ಹೋಗಿ ನೀನ ಚಿಲಕಾ ಹಾಕ್ಕೊಂಡು ಅಳಾಕ ಹತ್ತಿದಿ. ಕಿಡಕ್ಯಾಗಿಂದ ಹೇಳಿ ಹೇಳಿ ನಾ ತಗಸಿದ್ನಿ. ನಿಮ್ಮವ್ವ ಅಂಗಳದಾಗ ಕುಂತು ಅಳಾಕತ್ತಿದ್ಲು."

ನಾನು ಬಾಗಿಲನ್ನು ಪರೀಕ್ಷಿಸಿದೆ. ಒಳಗೊಂದು ಚಿಲಕ, ಹೊರಗೊಂದು. ಎರಡೂ ಹಳೆಯವು, ಎರಡೂ ಸಲೀಸಾಗಿ ಜಾರುತ್ತಿದ್ದವು. ಒಳಗಿನದೋ ಹೊರಗಿನದೋ, ಬಾಗಿಲು ಸಾಕ್ಷಿ ಹೇಳಲಿಲ್ಲ. ಅಳುತ್ತಿದ್ದ ದನಿ ನನ್ನದೇ ಎಂಬುದಷ್ಟು ಖಾತ್ರಿಯಾಯಿತು. ಅಜ್ಜಿ ಹೇಳಿದ ಕಥೆಗೆ ಬಾಗಿಲು ಒದಗಿಸಿದವಳು ನಾನೇ ಇರಬೇಕು. ಅವ್ವನಿಗೆ ಅದು ನನ್ನಿಂದ ಹೋಯಿತೋ, ಅವಳೂ ಆ ಅಂಗಳದಿಂದಲೇ ತಂದಳೋ.

ಮನೆಗೆ ಬಂದು ಎಲ್ಲ ಹೇಳಿದೆ, ಕಲ್ಲೋಳಿಯಾಕಿ ಎಂಬುದನ್ನು ಬಿಟ್ಟು. ಅದನ್ನು ತಂಗಿ ಹೇಳಿದಳು. ಅವ್ವ ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಹೊರಗಿನ ಚಿಲಕಾ ಅದು," ಅಂದಳು. "ಆಕೀನ ಹಾಕಿದ್ಲು, ಆಕೀನ ತಗದ್ಲು."

"ನೀ ನೋಡಿದ್ಯಾ?" ಅಂದೆ.

ಈ ಸಲ ಅವ್ವನ ದನಿ ಬೇರೆಯಿತ್ತು.

"ನಾ ನೋಡಿದ್ದು ಹೇಳ್ತೇನಿ, ಕೇಳು. ಲಗ್ನಾಗಿ ಈ ಮನಿಗೆ ಬಂದಾಗ ಕಾಳಿನ ಕೋಣಿ ಕೀಲಿಕೈ ಆಕಿ ಸೊಂಟದಾಗ ಇತ್ತು. ಹುಕ್ಕೇರಿಗೆ ಹೋಗುವಾಗ ತಗೊಂಡ ಹೋಗ್ತಿದ್ಲು. ಎರಡು ವರ್ಷ ಒಂದು ಸೇರು ಜ್ವಾಳಕ್ಕ ನಿಮ್ಮಪ್ಪನ ಅವ್ವನ್ನ ಕೇಳಬೇಕಾಗಿತ್ತು, ಅವರು ಬಾಜೂ ಮನಿಯಾಗ ಇಸಗೊಂಡು ಕೊಡ್ತಿದ್ರು. ನಿಮ್ಮಪ್ಪ ಒಂದ ಮಾತು ಆಡಲಿಲ್ಲ."

ಅಪ್ಪ ಬಾಗಿಲಲ್ಲಿ ನಿಂತಿದ್ದ. "ಖರೆ ಐತಿ," ಅಂದ.

ಇಷ್ಟು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಕೇಳಿದ ಮೊದಲ ನೇರ ಆರೋಪ ಅದು. ಸಾಕ್ಷಿಯೂ ಅಲ್ಲೇ ನಿಂತಿತ್ತು. ನಾನು ವಾದಿಸಲು ಏನೂ ಉಳಿದಿರಲಿಲ್ಲ, ಶನಿವಾರಕ್ಕೆ ಒಂದೇ ದಿನ ಉಳಿದಿತ್ತು.

"ಅವ್ವಾ, ನಾ ಕಲೀಬೇಕು," ಅಂದಳು ತಂಗಿ. "ನೀ ಹೇಳು, ಏನಾದ್ರ ಕಳಸ್ತಿ?"

ಅವ್ವ ಅವಳ ಕಡೆ ತಿರುಗಿದಳು. "ಆ ಕೋಣಿಗೆ ಹೊಸಾ ಕೀಲಿ ಬೀಳಬೇಕು. ಅದರ ಕೀಲಿಕೈ ನಿನ್ನ ಹತ್ರ ಇರಬೇಕು, ಆಕಿ ಹತ್ರ ಅಲ್ಲ."

ಫೋನು ಮಾಡಿ ಹೇಳುವ ಕೆಲಸ ನನಗೆ ಬಂತು. ಅತ್ತಿ, "ಇದನ್ನ ನಿಮ್ಮವ್ವನ ಬಾಯಿಲೆ ಹೇಳ್ಸು, ಹಾಕಸ್ತೇನಿ," ಅಂದಳು. ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವ್ವ ಹೇಳಿದಳು. ನಾಲ್ಕೇ ಮಾತು, ಕಣ್ಣೀರಿಲ್ಲದೆ.

ಶನಿವಾರ ತಂಗಿಯನ್ನು ಬಿಟ್ಟುಬರಲು ಅವ್ವನೇ ಹೋದಳು. ಸಂಜೆ ತಂಗಿ ಫೋಟೋ ಕಳಿಸಿದಳು. ಹಸಿರು ಬಾಗಿಲು, ಹೊಳೆಯುವ ಹೊಸ ಕೀಲಿ, ಅವಳ ಅಂಗೈಯಲ್ಲಿ ಅದರ ಕೀಲಿಕೈ. ನಾನು ಕೂಡಲೇ ಫೋನು ಹಚ್ಚಿದೆ. ಹೊಸ ಕೀಲಿ ಕೊಂಡರೆ ಎರಡು ಕೀಲಿಕೈ ಬರುತ್ತವೆ, ಫೋಟೋದಲ್ಲಿ ಒಂದೇ ಇತ್ತು.

"ಇನ್ನೊಂದು ಎಲ್ಲೆ? ಅತ್ತಿ ಕಡೆ ಐತೇನ?"

"ಇಲ್ಲ," ಅಂದಳು ತಂಗಿ. "ಅತ್ತಿ ಕೇಳಿದ್ರು, ಕೊಡಲಿಲ್ಲ. ಅವ್ವ ತಗೊಂಡ ಹೋಗ್ಯಾಳ."

ಮರುದಿನ ಮಧ್ಯಾಹ್ನ ಎರಡಕ್ಕೆ ಅವ್ವ ಟಿವಿಯ ಮುಂದೆ ಕೂತಳು. ಕೀಲಿಕೈ ಅತ್ತಿ ಬ್ಯಾಗು ಹಿಡಿದು ಬಂದಳು. ಅವ್ವ ಎಡಗೈಯಿಂದ ಸೊಂಟದ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ದನಿ ತಗ್ಗಿಸಲಿಲ್ಲ.

"ಸುಮ್ನ ಕೂಡು," ಅಂದಳು ನನಗೆ, ನಾನು ಇನ್ನೂ ಬಾಯಿ ತೆರೆಯುವ ಮೊದಲೇ. "ಈಕಿ ಏನ ಅಂತಾಳ ಕೇಳೂನು."