“ಮಗು ಬಿದ್ರೆ ನಿಮ್ಮಲ್ಲಿ ಏನಂತೀರಿ?”

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧ ಎದ್ದ ಕಟ್ಟಡದ ಬುಡದಲ್ಲಿ, ಕಾಂಕ್ರೀಟ್ ಮಿಕ್ಸರ್ ಗುಡುಗುವ ಮೊದಲೇ, ತಗಡಿನ ಶೆಡ್ಡಿನೊಳಗೆ ಸೈಟಿನವರೆಲ್ಲರ ದೊಡ್ಡಮ್ಮ ಬಟ್ಟೆಜೋಲಿಗಳ ಗಂಟನ್ನು ಎಳೆದೆಳೆದು ನೋಡುತ್ತಿದ್ದಾರೆ. ಹೆಲ್ಮೆಟ್ ತೊಟ್ಟ ತಾಯಂದಿರು ನಿದ್ದೆಗಣ್ಣಿನ ಮಕ್ಕಳನ್ನು ಅವರ ಮಡಿಲಿಗೆ ಹಾಕಿ ಏಣಿ ಹತ್ತುತ್ತಾರೆ. ಸಂಜೆ ತನಕ ಆ ಮಕ್ಕಳನ್ನು ನೋಡಿಕೊಳ್ಳುವುದೇ ದೊಡ್ಡಮ್ಮನ ಕೆಲಸ. ಏಳುತ್ತಿರುವ ಮಹಡಿಗಳನ್ನು ಊರೆಲ್ಲ ಕತ್ತೆತ್ತಿ ನೋಡುತ್ತದೆ. ಈ ಶೆಡ್ಡಿನ ಕಡೆ ತಿರುಗಿ ನೋಡಿದವರುಂಟೇ?

ಇಲ್ಲಿ ಒಂದೊಂದು ಮಗುವಿನದು ಒಂದೊಂದು ಭಾಷೆ. ಹೊಸ ಮಗು ಬಂದರೆ ದೊಡ್ಡಮ್ಮ ಹೆಸರು, ವಯಸ್ಸು ಎಲ್ಲ ಆಮೇಲೆ ಕೇಳುತ್ತಾರೆ. ಮೊದಲ ಪ್ರಶ್ನೆಯೇ ಬೇರೆ: “ಮಗು ಬಿದ್ರೆ ನಿಮ್ಮಲ್ಲಿ ಏನಂತೀರಿ? ಹಾಗೇ ಹೇಳಿ ತೋರ್ಸಿ.”

“ಒಬ್ಬರು ನೆಲಕ್ಕೆ ಎರಡು ಬಾರಿಸ್ತಾರೆ, ತಪ್ಪೆಲ್ಲ ನೆಲದ್ದೇ ಅಂತ,” ಎಂದು ನಗುತ್ತಾರೆ ದೊಡ್ಡಮ್ಮ. “ಇನ್ನೊಬ್ಬರು ನೋವಿಗೇ ಬೈತಾರೆ, ‘ಹೋಗಾಚೆ, ನನ್ನ ಕೂಸಿನ ಹತ್ರ ನಿಂಗೇನು ಕೆಲಸ’ ಅಂತ. ಕಿಟಕಿ ಹತ್ರ ಮಲಗಿದೆಯಲ್ಲ ಆ ಕೂಸು, ಅವರ ಮನೇಲಿ ‘ನಿನ್ನ ನೋವು ನನಗೆ ಬರಲಿ’ ಅಂತಾರೆ. ಅದನ್ನೇ ನೆಲ ಹೊಡೆಯೋ ಮನೆ ಮಗುಗೆ ಹೇಳಿ ನೋಡಿ, ಇನ್ನೂ ಜೋರಾಗಿ ರಾಗ ತೆಗೆಯುತ್ತೆ!”

ಇಷ್ಟೆಲ್ಲ ಬಲ್ಲ ದೊಡ್ಡಮ್ಮನಿಗೆ ಹೆತ್ತ ಮಗಳನ್ನು ಸಮಾಧಾನ ಮಾಡಲು ಬರುವುದಿಲ್ಲ. ತಾವೂ ಗಾರೆ ಹೊರುತ್ತ ಸೈಟಿನಿಂದ ಸೈಟಿಗೆ ಅಲೆಯುತ್ತಿದ್ದ ಕಾಲದಲ್ಲಿ ಇಂಥ ಶೆಡ್ಡೂ ಇರಲಿಲ್ಲ. ಹಾಲುಗಲ್ಲದ ಮಗಳನ್ನು ದೂರದ ಪರಭಾಷೆಯ ಊರಲ್ಲಿದ್ದ ತಮ್ಮನ ಮನೆಯಲ್ಲಿ ಬಿಟ್ಟರು. ಅವಳು ಅಲ್ಲೇ ಬೆಳೆದಳು, ಅಲ್ಲೇ ಮದುವೆಯಾದಳು, ಹೋದ ವರ್ಷ ಗಂಡನನ್ನು ಕಳೆದುಕೊಂಡಳು. ಊಟ ಆಯ್ತಾ, ನಿದ್ದೆ ಬಂತಾ ಎಂಬುದೆಲ್ಲ ಫೋನಿನಲ್ಲಿ ಅಮ್ಮನ ಭಾಷೆಯಲ್ಲೇ ನಡೆಯುತ್ತದೆ. ದುಃಖ ಉಕ್ಕಿತೋ, ಮಾತು ಆ ಊರಿನ ಭಾಷೆಗೆ ಹೊರಳುತ್ತದೆ; ದೊಡ್ಡಮ್ಮನಿಗೆ ಅದು ಬಾರದು.

“ನಾನು ‘ಅಳಬೇಡ ಕಂದಾ, ಅಳಬೇಡ’ ಅಂತೀನಿ. ಅವಳು ಪಟ್ಟಂತ ಫೋನ್ ಇಟ್ಟುಬಿಡ್ತಾಳೆ. ತಮ್ಮನಿದ್ದಿದ್ರೆ ಅವನನ್ನಾದ್ರೂ ಕೇಳ್ತಿದ್ದೆ, ಅವನೂ ಹೋದ. ಕಂಡವರ ಮಕ್ಕಳನ್ನೆಲ್ಲ ಎತ್ತಿ ಆಡಿಸ್ತೀನಿ, ನನ್ನದಕ್ಕೆ ಮಾತ್ರ ಏನು ಹೇಳಬೇಕೋ ಗೊತ್ತಿಲ್ಲ.”

ಆ ಭಾಷೆಯ ತಾಯಿ ಯಾರಾದರೂ ಸೈಟಿಗೆ ಬಂದಾರೇ ಎಂದು ಕಾದದ್ದೇ ಕಾದದ್ದು. ಕಳೆದ ವಾರ ಬಂದಳು, ಕಂಬಿ ಕಟ್ಟುವವನ ಹೆಂಡತಿ, ಸೊಂಟದಲ್ಲಿ ಕೂಸು. ಚೀಲ ಕೆಳಗಿಡಲೂ ಬಿಡದೆ ದೊಡ್ಡಮ್ಮ ಕೇಳಿದರು, “ಬಿದ್ರೆ ಏನಂತೀಯೇ, ತಾಯಿ?”

“ಏನಂತೀವಿ ದೊಡ್ಡಮ್ಮ? ‘ಅಳು, ನಾನು ಇಲ್ಲೇ ಕೂತಿದೀನಿ’ ಅಂತೀವಿ. ಅಷ್ಟೇ.”

“ಅಳಬೇಡ ಅನ್ನಲ್ವಾ?”

“ಅಯ್ಯೋ! ಹಾಗಂದ್ರೆ ನಮ್ಮಲ್ಲಿ, ನಿನ್ನ ಗೋಳು ಕೇಳೋಕೆ ನನಗೆ ಪುರುಸೊತ್ತಿಲ್ಲ ಅಂದಹಾಗೆ.”

ದೊಡ್ಡಮ್ಮ ಅವತ್ತು ಊಟ ಮುಟ್ಟಲಿಲ್ಲ. ಮರುದಿನದಿಂದ ಆ ಮಾತನ್ನು ಅವಳ ಭಾಷೆಯಲ್ಲೇ ಬಾಯಿಪಾಠ ಮಾಡತೊಡಗಿದರು. ಕಂಬಿಯವನ ಹೆಂಡತಿ ತಿದ್ದುತ್ತಾಳೆ, ತಿದ್ದಲಾಗದೆ ಬಿದ್ದು ಬಿದ್ದು ನಗುತ್ತಾಳೆ. “ನಗೇ, ನಗು, ನನ್ನ ನಾಲಿಗೆ ಮರಗಟ್ಟಿದೆ,” ಎಂದು ಇವರು ಹುಸಿಮುನಿಸು ತೋರುತ್ತಾರೆ.

ಇವತ್ತು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ ಹೊತ್ತಿಗೆ, ಫೋನ್ ಬರುತ್ತದೆ. ಊಟ, ನಿದ್ದೆ, ಕಾಲುನೋವು ಎಲ್ಲ ಮುಗಿಯುತ್ತದೆ. ಆಮೇಲೆ ಆಚೆ ಕಡೆಯ ದನಿ ಒಡೆದು ಮಾತು ಹೊರಳುತ್ತದೆ. ದೊಡ್ಡಮ್ಮ ಕಣ್ಣು ಮುಚ್ಚಿ, ಕಲಿತದ್ದನ್ನು ತಪ್ಪುತಪ್ಪಾಗಿಯೇ ಹೇಳುತ್ತಾರೆ. ಫೋನ್ ಇಟ್ಟಳೇ ಎಂದು ಇವರ ಮುಖ ಬಾಡುವಷ್ಟರಲ್ಲಿ ಮಗಳು ಬಿಕ್ಕಿ ಬಿಕ್ಕಿ ಅಳತೊಡಗುತ್ತಾಳೆ. ದೊಡ್ಡಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಕೂತೇ ಇರುತ್ತಾರೆ. ಒಂದು ಕೈ ಪಕ್ಕದ ಜೋಲಿಯನ್ನು ತೂಗುತ್ತಲೇ ಇದೆ.

ಮಿಕ್ಸರ್ ಮತ್ತೆ ಶುರುವಾದ ಮೇಲೆಯೇ ಫೋನ್ ಕೆಳಗಿಳಿಯುತ್ತದೆ. ಏನಂದಳು ಮಗಳು ಎಂದು ಕೇಳಿದರೆ ಅಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮುಖದಲ್ಲಿ ಹೆಮ್ಮೆ ಬಚ್ಚಿಟ್ಟರೂ ನಿಲ್ಲುತ್ತಿಲ್ಲ.

“ಅಳೋದು ಇನ್ನೂ ಬೇಕಾದಷ್ಟಿದೆಯಂತೆ. ನಾಳೆ ಮತ್ತೆ ಫೋನ್ ಮಾಡ್ತೀನಮ್ಮ ಅಂದ್ಲು.”