ದೀಪ ಹಚ್ಚಿದ ಮೇಲಿನ ಹೆಪ್ಪು

ನಾನು ಜಿಪುಣಿಯಲ್ಲ, ಆದರೆ ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಿದರೆ ಕೊಡುವವಳೂ ಅಲ್ಲ. ಉಪ್ಪು, ಸೂಜಿ, ಹೆಪ್ಪು ಹೊತ್ತು ಮುಳುಗಿದ ಮೇಲೆ ಹೊಸ್ತಿಲು ದಾಟಬಾರದು, ದಾಟಿದರೆ ಲಕ್ಷ್ಮಿಯೂ ಜೊತೆಗೆ ಹೊರಡುತ್ತಾಳೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಎದುರು ಪ್ರಶ್ನೆ ಕೇಳುವ ಅಭ್ಯಾಸ ಇರಲಿಲ್ಲ. ಒಂದು ಚಮಚ ಮೊಸರಿನ ಮೇಲೆ ಕೂತು ಪಕ್ಕದ ಮನೆಗೆ ಹೋಗಿಬಿಡುವ ಲಕ್ಷ್ಮಿ ನಮ್ಮಲ್ಲಿ ಎಷ್ಟು ಸುಖವಾಗಿದ್ದಳೋ ಎಂದು ಈಗ ಅನ್ನಿಸುತ್ತದೆ.

ಕಮ್ಮರಡಿಯಲ್ಲಿ ನಮ್ಮ ಪಕ್ಕದ ಮನೆಯವಳು ಸೀತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಬಟ್ಟಲು ಹಿಡಿದು ಬಂದಳು.

"ಅಕ್ಕಾ, ಒಂಚೂರು ಹೆಪ್ಪು."

"ದೀಪ ಹಚ್ಚಿದ ಮೇಲೆ ಎಂತ ಹೆಪ್ಪು ಮಾರಾಯ್ತಿ? ಬೆಳಿಗ್ಗೆ ಬಾ."

ಅವರ ಮನೆಯಲ್ಲಿ ಆಗ ಕರೆಯುವ ದನವೇ ಇರಲಿಲ್ಲ. ಹಾಲಿಲ್ಲದವಳಿಗೆ ಹೆಪ್ಪು ಯಾಕೆ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಬೆಳಿಗ್ಗೆ ನೋಡಿದರೆ ಬಲಗೈ ಮುರಿದಿತ್ತು. ಜಾರಿ ಬಿದ್ದೆ ಅಂದಳು. ಅದು ಮಳೆಗಾಲವೂ ಅಲ್ಲ, ಅಂಗಳದಲ್ಲಿ ಪಾಚಿಯೂ ಇರಲಿಲ್ಲ. ಕೈ ಕೂಡಿತು, ಸೊಟ್ಟಗೆ.

ಆಮೇಲೆ ನಾನು ಶಾಸ್ತ್ರ ಬಿಡಲಿಲ್ಲ, ಇನ್ನೂ ಬಿಗಿ ಮಾಡಿದೆ. ಸಂಜೆ ಯಾವಳೇ ಬಟ್ಟಲು ಹಿಡಿದು ಬಂದರೂ, "ಈಗ ಕೊಡ್ಲಿಕ್ಕಾಗಲ್ಲ, ಬೆಳಗಾಗೋವರೆಗೆ ಒಳಗೆ ಕೂತಿರು" ಎನ್ನತೊಡಗಿದೆ. ಹಿಂದೆಯೇ ಗಂಡ ಬಂದರೆ, "ಹೆಪ್ಪಿಗೆ ಬಂದಿದ್ದಾಳೆ, ಬೆಳಿಗ್ಗೆ ತಗೊಂಡು ಬರ್ತಾಳೆ" ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಗೊಣಗಿಕೊಂಡು ವಾಪಸು ಹೋಗುತ್ತಿದ್ದರು. ಹೆಂಡತಿಯ ಮೇಲೆ ಕೈ ಎತ್ತಲು ಹೆದರದ ಗಂಡಸರೂ ಲಕ್ಷ್ಮಿಗೆ ಹೆದರುತ್ತಿದ್ದರು. ಸೀತುವೇ ಎಷ್ಟು ಸಲ ಬಂದಳೋ. ಅವಳ ಗಂಡ ಈಗಿಲ್ಲ. ಇದ್ದಾಗಲೂ ಒಳ್ಳೆಯದಕ್ಕೆ ಇರಲಿಲ್ಲ.

ಈಗ ನನಗೆ ವಯಸ್ಸಾಯಿತು. ನಾನು ಹೋದ ಮೇಲೆ ಈ ಹೆಂಗಸರು ಬಟ್ಟಲು ಹಿಡಿದು ಯಾರ ಬಾಗಿಲಿಗೆ ಹೋಗಬೇಕು? ಹೊಡೆತ ತಿಂದು ಬಂದವರನ್ನು ಇರಿಸಿಕೊಳ್ಳುವ ಸಂಸ್ಥೆಯೊಂದು ಚಿಕ್ಕಮಗಳೂರಿನಲ್ಲಿ ಇದೆಯೆಂದು ತಿಳಿಯಿತು. ಗಂಡನ ಮನೆಯಲ್ಲಿ ಕಷ್ಟವಾದರೆ ಇರಲಿ ಎಂದು ನನ್ನ ಅಪ್ಪ ಕೊಪ್ಪ ಪೇಟೆಯಲ್ಲಿ ನನ್ನ ಹೆಸರಿಗೆ ಮಾಡಿಟ್ಟ ಎರಡು ಕೋಣೆಯ ಮನೆಯನ್ನು ನನ್ನ ಕಾಲದ ನಂತರ ಅವರಿಗೆ ಬರೆದುಕೊಡುತ್ತೇನೆ ಎಂದೆ. ಮಗ ಊಟ ಮಾಡುತ್ತಿದ್ದವನು ತಲೆ ಎತ್ತಿದ.

"ಅಲ್ಲಮ್ಮ, ಅಪ್ಪ ನಿಂಗೆ ಒಂದು ದಿನ ಜೋರು ಮಾಡಿದ್ದಿಲ್ಲ."

"ಅದಕ್ಕೇ ನಂಗೆ ಆ ಮನೆ ಬೇಕಾಗ್ಲಿಲ್ಲ ಮಾರಾಯ. ಬೇಕಾದವರಿಗೆ ಕೊಡ್ತಿದ್ದೇನೆ."

ಅವನು ಇನ್ನೊಂದು ಸಲ ಸಾರು ಹಾಕಿಸಿಕೊಂಡ. ನಮ್ಮಲ್ಲಿ ಅದೇ ಒಪ್ಪಿಗೆ.

ವಿಲ್ಲು ಬರೆಸಲು ಕೊಪ್ಪಕ್ಕೆ ಹೋದಾಗ ಸಾಕ್ಷಿಗೆ ಸೀತುವನ್ನೂ ಕರೆದುಕೊಂಡು ಹೋದೆ. ಕೊನೆಯಲ್ಲಿ ಒಂದು ಸಾಲು ಸೇರಿಸಿ ಎಂದೆ: ಯಾವ ಹೊತ್ತಿನಲ್ಲಿ ಬಂದವಳಿಗೂ "ಬೆಳಿಗ್ಗೆ ಬಾ" ಎನ್ನಬಾರದು.

"ಹೀಗೆಲ್ಲ ಬರೆಯೋ ಕ್ರಮ ಇಲ್ಲ ಅಜ್ಜಿ" ಎಂದ ಪತ್ರ ಬರೆಯುವವನು.

"ನಿಮ್ಮ ಕ್ರಮ ನಿಮಗಿರ್ಲಿ. ನಂದೂ ಒಂದು ಸಾಲು ಬರೀರಿ."

ಬರೆದ. ಸೀತು ಆ ಸಾಲನ್ನು ಎರಡು ಸಲ ಓದಿ, ಆ ಸೊಟ್ಟ ಕೈಯಲ್ಲೇ ನಿಧಾನಕ್ಕೆ ಸಹಿ ಹಾಕಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು, "ಅವತ್ತು ಹೆಪ್ಪೇ ಕೊಟ್ಟಿದ್ರೆ ಅಗ್ಗದಲ್ಲಿ ಮುಗೀತಿತ್ತು ಅಕ್ಕ." ನಾನು ಕಿಟಕಿ ಆಚೆ ನೋಡಿದೆ.

ಅದೇ ಸಂಜೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಸೀತು, ಕೈಯಲ್ಲಿ ಬಟ್ಟಲು. "ಒಳಗೆ ಬಾ" ಎಂದೆ.

"ಕೂರ್ಲಿಕ್ಕೆ ಬಂದದ್ದಲ್ಲ ಅಕ್ಕ. ನಾವು ಕೊಪ್ಪಕ್ಕೆ ಹೋದಾಗ ಬೆಕ್ಕು ಮೊಸರಿನ ಪಾತ್ರೆ ಉರುಳಿಸಿದೆ. ಇವತ್ತು ನಿಜವಾಗಿ ಹೆಪ್ಪೇ ಬೇಕು."

ಕೊಟ್ಟೆ. ಲಕ್ಷ್ಮಿ ಹಿಂದೆಯೇ ಹೊರಟಳೋ ಏನೋ, ನೋಡಲು ಹೋಗಲಿಲ್ಲ. ಹೋದರೂ ಸೀತುವಿನ ಮನೆಗೇ ತಾನೆ. ಅಲ್ಲೀಗ ಯಾವ ಹೆಂಗಸೂ ಹೆದರದೆ ಇರಬಹುದು.